ಅಘನಾಶಿನಿಯ ಅಳಿವೆಯಲ್ಲಿ

ಗೋಕರ್ಣ ಕ್ಷೇತ್ರಕ್ಕೆ ಯಾತ್ರೆ ಹೋಗಿಬಂದ ಕುಟುಂಬಗಳು ಕನ್ನಡ ನಾಡಿನಲ್ಲಿ ಅಸಂಖ್ಯವಾಗಿರುವುವು. ಕೋಟಿತೀರ್ಥದ ಸ್ನಾನ, ಮಹಾಬಲೇಶ್ವರನ ದರ್ಶನ, ಸಮುದ್ರತೀರದ ವಿಹಾರ, ಇವಿಷ್ಟನ್ನು ಮುಗಿಸಿಕೊಂಡು ಯಾತ್ರಿಕರು ಮರಳುವುದು ವಾಡಿಕೆಯಾಗಿದೆ. ಆ ಕ್ಷೇತ್ರದ ದಕ್ಷಿಣಕ್ಕೆ, ಬಹಳ ದೂರವೇನೂ ಅಲ್ಲದ ಸ್ಥಳದಲ್ಲಿ, ಅಘನಾಶಿನಿಯೆಂಬ ಹೊಳೆಯು ಕಡಲನ್ನು ಕೂಡುವ ವಿಸ್ತಾರವಾದ ಅಳಿವೆಯೊಂದುಂಟು. ಅಲ್ಲಿ ದೊಡ್ಡ ದೇವಾಲಯವಾಗಲಿ, ರಥಬೀದಿಯಾಗಲಿ ಇಲ್ಲ. ಕೆಸರು, ಉಪ್ಪುನೀರು, ಹಕ್ಕಿಗಳು, ದುಡಿಯುವ ಜನ, ಇವೇ ಅಲ್ಲಿನ ನೋಟ. ಆದರೂ ಕಡಲಿನ ಆರೋಗ್ಯಕ್ಕೂ ಕಡಲ ಕರೆಯ ಜನರ ಬಾಳಿಗೂ ಇರುವ ನಂಟನ್ನು ಕಣ್ಣಾರೆ ಕಂಡು ತಿಳಿಯಬೇಕೆಂಬವರಿಗೆ ಆ ಸ್ಥಳಕ್ಕೆ ಸಮನಾದ ಪಾಠಶಾಲೆ ನಮ್ಮ ಕರಾವಳಿಯಲ್ಲಿ ದೊರೆಯುವುದು ಕಷ್ಟ. ನಾವು ಕಳೆದ ಮಾಗಿಯಲ್ಲಿ ಕುಮಟೆಯಲ್ಲಿ ನಿಂತು ಆ ಅಳಿವೆಯ ಎರಡೂ ದಡಗಳನ್ನು ಸುತ್ತಿ ನೋಡಿದೆವು. ಅಲ್ಲಿ ಕಂಡುದನ್ನೂ ತಿಳಿದುದನ್ನೂ ವಾಚಕರ ಮುಂದಿಡುತ್ತೇವೆ.

'ಅಘ'ವೆಂದರೆ ಪಾಪ. ಪಾಪವನ್ನು ನಾಶಮಾಡತಕ್ಕವಳು ಅಘನಾಶಿನಿ. ಶಿರಸಿಯ ಸುತ್ತಣ ಅಡಕೆ ತೋಟಗಳ ನಡುವೆ ಹುಟ್ಟಿ, ದಟ್ಟವಾದ ಕಾಡುಗಳನ್ನು ಹಾಯ್ದು, ಉಂಚಳ್ಳಿಯಲ್ಲಿ 116 ಮೀಟರುಗಳ ಎತ್ತರದಿಂದ ಧುಮುಕಿ, ಘಟ್ಟವನ್ನಿಳಿದು ಕುಮಟಾ ತಾಲೂಕಿನ ಬಯಲನ್ನು ಸೇರುವಳು. ಸಹ್ಯಾದ್ರಿಯಿಂದ ಪಡುವಲಿಗೆ ಹರಿಯುವ ಹೊಳೆಗಳಲ್ಲಿ ಅನೇಕವನ್ನು ಮನುಷ್ಯನು ವಿದ್ಯುತ್ತಿಗಾಗಿ ಕಟ್ಟಿಹಾಕಿರುವನು. ಅಘನಾಶಿನಿಗೆ ಮಾತ್ರ ಇಂದಿಗೂ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿಬರುವುದೂ ಬೇಸಗೆಯಲ್ಲಿ ತೆಳ್ಳಗಾಗುವುದೂ ಅವಳ ಹುಟ್ಟುಗುಣವಾಗಿಯೇ ಉಳಿದಿದೆ. ಈ ಒಂದು ಸಂಗತಿಯೇ ಅಳಿವೆಯ ಸಿರಿಗೆಲ್ಲ ಮೂಲವೆಂಬುದನ್ನು ಮುಂದೆ ಕಾಣುವೆವು.

ಮಿರ್ಜಾನದ ಹಳೆಯ ಕೋಟೆಯನ್ನು ವಾಚಕರಲ್ಲಿ ಕೆಲವರು ನೋಡಿರಬಹುದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಸೇರಿಬಂದಿರುವ ಕೋಟೆಯಿದು. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ'ಯೆಂದು ಕರೆದರಂತೆ. ಅಲ್ಲಿಂದ ಪಡುವಣಕ್ಕೆ ಹೊಳೆಯು ತನ್ನ ತೋಳುಗಳನ್ನು ಅಗಲವಾಗಿ ಚಾಚುವುದು. ಉತ್ತರದ ದಡದಲ್ಲಿ ತದಡಿಯ ಬಂದರು, ದಕ್ಷಿಣದ ದಡದಲ್ಲಿ ಹೊಳೆಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮ. ನಡುವೆ ಬೀಸುವ ಗಾಳಿಗೆ ತಲೆಯೊಡ್ಡಿ ನಿಂತರೆ ಇದು ಹೊಳೆಯೋ ಕಡಲೋ ಎಂಬ ಭ್ರಾಂತಿಯುಂಟಾಗುವುದು. ದಿನಕ್ಕೆ ಎರಡು ಸಲ ಕಡಲು ಒಳಗೆ ಬರುವುದು, ಎರಡು ಸಲ ಹಿಂದಕ್ಕೆ ಸರಿಯುವುದು. ಉಬ್ಬರದಲ್ಲಿ ಕನ್ನಡಿಯಂತೆ ತುಂಬಿದ ನೀರು, ಇಳಿತದಲ್ಲಿ ಕಣ್ಣು ಹರಿಯುವವರೆಗೂ ಬೂದುಬಣ್ಣದ ಕೆಸರಿನ ಬಯಲು. ಅಪರಿಚಿತನು ಆ ಕೆಸರನ್ನು ಹಾಳುಭೂಮಿಯೆಂದೇ ತಿಳಿಯುವನು.

ಆದರೆ ಲೆಕ್ಕ ಬೇರೆಯೇ ಇದೆ. 1971ರಲ್ಲಿ ಇರಾನ್ ದೇಶದ ರಾಮ್ಸರ್ ಎಂಬ ಪಟ್ಟಣದಲ್ಲಿ ನಾನಾ ರಾಷ್ಟ್ರಗಳು ಕೂಡಿ, ಜೌಗು ನೆಲಗಳನ್ನು ಕಾಪಾಡಬೇಕೆಂದು ಒಂದು ಒಡಂಬಡಿಕೆಯನ್ನು ಮಾಡಿಕೊಂಡವು. ಲೋಕಕ್ಕೆ ಮುಖ್ಯವೆನಿಸಿದ ಅಂಥ ನೆಲಗಳ ಪಟ್ಟಿಯಲ್ಲಿ ಈ ಅಳಿವೆಯೂ ಸೇರಿದುದನ್ನು 2024ರ ಜನವರಿಯ ಕಡೆಯಲ್ಲಿ ಭಾರತ ಸರ್ಕಾರವು ಪ್ರಕಟಿಸಿತು. ಪಟ್ಟಿಗೆ ಸೇರಿದ ವಿಸ್ತಾರ 4,801 ಹೆಕ್ಟೇರು. ಆ ಸಂದರ್ಭದಲ್ಲಿ ಸರ್ಕಾರವು ಕೊಟ್ಟ ವಿವರದಂತೆ 6,000ದಿಂದ 7,500 ಕುಟುಂಬಗಳು ಮೀನು, ಏಡಿ, ಚಿಪ್ಪುಜೀವಿಗಳು, ಭತ್ತ, ಉಪ್ಪು ಇವುಗಳ ಮೂಲಕ ಈ ನೀರನ್ನೇ ನಂಬಿ ಬಾಳುತ್ತಿವೆ. 80ಕ್ಕೂ ಹೆಚ್ಚು ಜಾತಿಯ ಮೀನುಗಳು ಇಲ್ಲಿ ಮೊಟ್ಟೆಯಿಡುವುವು ಇಲ್ಲವೆ ಮರಿಗಳಾಗಿ ಬೆಳೆಯುವುವು. 66 ಜಾತಿಯ ನೀರುಹಕ್ಕಿಗಳು ಇಲ್ಲಿ ನೆಲಸುವುವು. ಅವುಗಳ ಸಂಖ್ಯೆ 43,000ಕ್ಕೆ ಮೀರಿದುದು. ಕೊರಳನ್ನು ಹಾವಿನಂತೆ ಕೊಂಕಿಸುವ ಹಾವಕ್ಕಿಯನ್ನೂ ನೀರಿನ ಮೇಲೆ ಬಾಣದಂತೆ ಎರಗುವ ಹೊಳೆರೀವವನ್ನೂ ನಾವು ಒಂದೇ ಮುಂಜಾವಿನಲ್ಲಿ ಕಂಡೆವು.

ಇಳಿತದ ಹೊತ್ತಿಗೆ ಕೆಸರಿನ ಬಯಲಿಗೆ ಇಳಿಯುವವರಲ್ಲಿ ಹೆಂಗಸರೇ ಬಹಳ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಸೊಂಟದ ಬಳಿಯಲ್ಲಿ ಬುಟ್ಟಿಯನ್ನಿಟ್ಟುಕೊಂಡು, ಕಾಲಿನಿಂದಲೇ ಕೆಸರನ್ನು ಮೀಟಿ ನೋಡುವರು. ಬೆರಳಿಗೆ ಗಟ್ಟಿಯಾಗಿ ತಾಗಿದುದನ್ನು ಕೈಯಿಂದೆತ್ತುವರು. ಅದೇ ಬಳಚು, ಎಂದರೆ ಎರಡು ಚಿಪ್ಪುಗಳ ನಡುವೆ ಬದುಕುವ ಮೆತ್ತನೆಯ ಜೀವಿ. ಈ ಜೀವಿಗಳು ಓಡಾಡಿ ಆಹಾರವನ್ನು ಹುಡುಕುವುದಿಲ್ಲ. ಹರಿದುಬರುವ ನೀರನ್ನು ಒಳಗೆಳೆದುಕೊಂಡು, ಅದರಲ್ಲಿನ ಸೂಕ್ಷ್ಮ ಪದಾರ್ಥಗಳನ್ನು ಸೋಸಿ ತಿಂದು, ತಿಳಿನೀರನ್ನು ಹೊರಕ್ಕೆ ಬಿಡುವುವು. ಹೊಳೆಯ ನೀರನ್ನು ಸೋಸುವ ಜರಡಿಯೂ ಅದೇ, ಬಡವರ ಮನೆಯ ಸಾರಿನ ಸತ್ವವೂ ಅದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 2008ರ ಸುಮಾರಿಗೆ ಈ ಅಳಿವೆಯ ಚಿಪ್ಪುಜೀವಿಗಳ ಲೆಕ್ಕವನ್ನು ಮಾಡಿದರು. ವರ್ಷಕ್ಕೆ ಸುಮಾರು 22,000 ಟನ್ನು, ಅಂದಿನ ಬೆಲೆಯಲ್ಲಿ ಐದೂ ಮುಕ್ಕಾಲು ಕೋಟಿ ರೂಪಾಯಿಗಳಷ್ಟು ಸಂಪತ್ತು, ಎರಡು ಸಾವಿರಕ್ಕೂ ಹೆಚ್ಚು ಜನರ ಕೈಗೆ ನೇರವಾದ ಕೆಲಸ! ಬೀಜವಿಲ್ಲ, ಗೊಬ್ಬರವಿಲ್ಲ, ಬಂಡವಾಳವಿಲ್ಲ. ಇಂಥ ಬೆಳೆಯನ್ನು ಕೊಡುವ ನೆಲವನ್ನು ಹಾಳುಭೂಮಿಯೆಂದು ಯಾರು ತಾನೆ ಹೇಳಬಲ್ಲರು?

ನಾವು ಒಬ್ಬ ನಡುವಯಸ್ಸಿನ ಹೆಂಗಸನ್ನು, "ಅಕ್ಕಾ, ಎಷ್ಟು ವರ್ಷದಿಂದ ಈ ಕೆಲಸ?" ಎಂದು ಕೇಳಿದೆವು. ಆಕೆ ನಗುತ್ತ, "ಅವ್ವನ ಸೆರಗು ಹಿಡಿದು ಬಂದವಳು ನಾನು. ಆಗ ಒಂದು ಇಳಿತಕ್ಕೆ ಬುಟ್ಟಿ ತುಂಬುತ್ತಿತ್ತು. ಈಗ ಎರಡು ಇಳಿತ ಬೇಕು. ಎಳೇದನ್ನು ನಾವು ಬಿಟ್ಟು ಬರುತ್ತೇವೆ. ಚಿಪ್ಪಿ ಬಗೆಯುವ ದೊಡ್ಡ ದೋಣಿ ಬಂದರೆ ಎಳೇದೂ ಇಲ್ಲ, ಬಲಿತದ್ದೂ ಇಲ್ಲ. ಹೊಳೆ ಬಗ್ಗೆ ಮೀಟಿಂಗ್ ಆಗುತ್ತದಂತೆ. ನಮ್ಮನ್ನು ಕರೆದವರು ಯಾರು?" ಎಂದಳು. ಆ ಕಡೆಯ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿ ನೆಟ್ಟಿತು. ಸತ್ತ ಚಿಪ್ಪನ್ನು ಸುಟ್ಟು ಸುಣ್ಣವನ್ನು ಮಾಡುವುದು ಈ ತೀರದ ಹಳೆಯ ಕಸುಬೇ ಆಗಿದೆ. ತಾಂಬೂಲದ ಸುಣ್ಣಕ್ಕೂ ಗೋಡೆಯ ಸುಣ್ಣಕ್ಕೂ ಅದು ಒದಗಿತು. ಆದರೆ ತಳವನ್ನೇ ಬಗೆದು ಚಿಪ್ಪನ್ನು ದೂರದ ಕಾರ್ಖಾನೆಗಳಿಗೆ ಸಾಗಿಸತೊಡಗಿದಾಗ, ಜೀವವಿರುವ ಬಳಚಿನ ಹಾಸಿಗೆಯೂ ಅದರೊಡನೆ ಹೋಗದೆ ಇರುವುದಿಲ್ಲ.

ಕೆಸರಿನ ಬಯಲಿನಿಂದ ದಡಕ್ಕೆ ಬಂದರೆ 'ಗಜನಿ'ಯೆಂಬ ಗದ್ದೆಗಳು ಎದುರಾಗುವುವು. ಗೋವೆಯ ಜನರು 'ಖಾಜನ್' ಎನ್ನುವುದೂ ಈ ಬಗೆಯ ಭೂಮಿಯನ್ನೇ. ಸಮುದ್ರದ ಉಬ್ಬರಕ್ಕೆ ಸಿಕ್ಕುವ ತಗ್ಗುನೆಲಕ್ಕೆ ಮಣ್ಣಿನ ಕಟ್ಟೆಯನ್ನು ಕಟ್ಟಿ, ಅದರಲ್ಲಿ ಹಲಗೆಯ ಬಾಗಿಲುಗಳನ್ನಿಟ್ಟು, ಬೇಕಾದಾಗ ನೀರನ್ನು ಬಿಟ್ಟುಕೊಂಡು ಬೇಡವಾದಾಗ ತಡೆಯುವ ಏರ್ಪಾಡಿದು. ಮುಂಗಾರಿನ ಮೊದಲ ಮಳೆಗಳು ನೆಲದ ಉಪ್ಪನ್ನು ತೊಳೆದೊಡನೆ ಜನರು 'ಕಗ್ಗ'ವೆಂಬ ಭತ್ತವನ್ನು ಬಿತ್ತುವರು. ಕಗ್ಗವೆಂದರೆ ವಾಚಕರಿಗೆ ಗುಂಡಪ್ಪನವರ ಕಗ್ಗವು ನೆನಪಿಗೆ ಬರುವುದು ಸಹಜ. ಈ ಕಗ್ಗವು ಗದ್ದೆಯದು. ಉಪ್ಪುನೆಲದಲ್ಲಿಯೂ ಬೇರೂರುವುದು, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದೆ ತಲೆಯೆತ್ತುವುದು ಅದರ ಗುಣ. ಗೊಬ್ಬರವನ್ನೂ ಔಷಧಿಯನ್ನೂ ಬೇಡದು. ಅಕ್ಟೋಬರಿನಲ್ಲಿ ಕೊಯ್ಲು ಮುಗಿದ ತರುವಾಯ ಬಾಗಿಲುಗಳನ್ನು ತೆರೆದರೆ, ಉಬ್ಬರದೊಡನೆ ಮೀನು ಸಿಗಡಿಗಳ ಮರಿಗಳು ಒಳಗೆ ಬರುವುವು. ಗದ್ದೆಯಲ್ಲಿ ನಿಂತ ಕೂಳೆಯು ಕೊಳೆತು ಅವುಗಳಿಗೆ ಮೇವಾಗುವುದು. ಅವುಗಳ ಹೊಲಸು ಮುಂದಿನ ಭತ್ತಕ್ಕೆ ಸಾರವಾಗುವುದು. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಒಂದೇ ನೆಲವು ಎರಡು ಬಗೆಯಾಗಿ ಮನೆಯನ್ನು ಪೊರೆಯುವುದು. ಕೇರಳದಲ್ಲಿ ಪೊಕ್ಕಾಲಿಯೆಂಬ ಭತ್ತವನ್ನು ಬೆಳೆಯುವ ಕ್ರಮವೂ ಇದರ ಸೋದರನೇ.

ಈ ಏರ್ಪಾಡಿನ ಪ್ರಾಣವು ಕಟ್ಟೆಯಲ್ಲಿರುವುದು. ಮಳೆಗಾಲಕ್ಕೆ ಮುಂಚೆ ಗಜನಿಯ ಒಕ್ಕಲುಗಳೆಲ್ಲರೂ ಕೂಡಿ, ಒಬ್ಬೊಬ್ಬರಿಗೆ ಇಷ್ಟಿಷ್ಟು ಉದ್ದವೆಂದು ಪಾಲುಹಾಕಿಕೊಂಡು ಕಟ್ಟೆಯನ್ನು ಮೆತ್ತುವುದು ಹಿಂದಿನ ಪದ್ಧತಿ. ಮಾಣಿಕಟ್ಟೆಯ ಕಡೆಯಲ್ಲಿ ನಮಗೆ ದೊರೆತ ವೃದ್ಧ ಗೌಡರೊಬ್ಬರು ಅದನ್ನು ಬಲು ಚೆನ್ನಾಗಿ ವಿವರಿಸಿದರು: "ಕಟ್ಟೆ ಅಂದರೆ ಒಬ್ಬನ ಸ್ವತ್ತಲ್ಲ, ಮಾರಾಯ್ರೇ. ನನ್ನ ಪಾಲಿನಲ್ಲಿ ಏಡಿ ಒಂದು ತೂತು ಮಾಡಿತು ಅನ್ನಿ. ನಾನು ಉದಾಸೀನ ಮಾಡಿದರೆ ಊರವರ ಗದ್ದೆಗೆಲ್ಲ ಉಪ್ಪು. ಅದಕ್ಕೇ ನೆರೆಮನೆಯವನ ಜತೆ ಮಾತು ಬಿಟ್ಟಿದ್ದರೂ ಕಟ್ಟೆಯ ಮೇಲೆ ಕೂಡಿ ದುಡಿಯಲೇಬೇಕಾಗಿತ್ತು." ಸಹಕಾರ ತತ್ತ್ವವನ್ನು ಕುರಿತು ದೊಡ್ಡ ಸಭೆಗಳಲ್ಲಿ ಕೇಳಿದ ಭಾಷಣಗಳಿಗಿಂತ ಈ ನಾಲ್ಕು ಮಾತುಗಳು ನಮಗೆ ಹೆಚ್ಚು ಬೆಳಕನ್ನು ಕೊಟ್ಟವು.

ಈ ವ್ಯವಸ್ಥೆಯು ಮುರಿದುದು ಹೇಗೆಂಬುದನ್ನೂ ಹೇಳಬೇಕು. 1970ರ ದಶಕದಲ್ಲಿ ಸರ್ಕಾರವು ಖಾರಲ್ಯಾಂಡ್ ಯೋಜನೆಯೆಂದು ಕಲ್ಲುಮಣ್ಣಿನ ಶಾಶ್ವತವಾದ ಕಟ್ಟೆಗಳನ್ನು ಕಟ್ಟಿಸಿತು. ಉದ್ದೇಶವು ಒಳ್ಳೆಯದೇ. ರೈತರ ವರ್ಷವರ್ಷದ ಶ್ರಮವು ಉಳಿಯಿತು. ಆದರೆ ಅದರೊಡನೆ ಎರಡು ವಸ್ತುಗಳು ಮೆಲ್ಲಗೆ ಜಾರಿಹೋದವು. ಮಣ್ಣಿನ ಕಟ್ಟೆಗೆ ಅಲೆಯ ಪೆಟ್ಟು ತಾಗದಂತೆ ಹೊರಗಡೆ ಕಾಯುತ್ತಿದ್ದ ಕಾಂಡ್ಲಾ ಗಿಡಗಳು ಇನ್ನು ಬೇಕಿಲ್ಲವೆನಿಸಿ ಕಡಿಯಲ್ಪಟ್ಟವು. ಜನರು ವರ್ಷಕ್ಕೊಮ್ಮೆ ಕೂಡಿ ದುಡಿಯುವ ಅಗತ್ಯವೂ ಇಲ್ಲದಂತಾಯಿತು. 'ಕಟ್ಟೆ ಸರ್ಕಾರದ್ದು' ಎಂಬ ಮಾತು ಹುಟ್ಟಿತು. ಕಾಲಕ್ರಮದಲ್ಲಿ ಕಲ್ಲು ಸಡಿಲವಾದಾಗ ಅದನ್ನು ಸರಿಪಡಿಸುವುದು ತನ್ನ ಕರ್ತವ್ಯವೆಂದು ತಿಳಿಯುವವನು ಯಾರೂ ಉಳಿದಿರಲಿಲ್ಲ.

ಅನಂತರ ಸಿಗಡಿಯ ಕಾಲವು ಬಂದಿತು. ವಿದೇಶದಲ್ಲಿ ಸಿಗಡಿಗೆ ಬಂಗಾರದ ಬೆಲೆಯೆಂದು ಕೇಳಿ, 1990ರ ದಶಕದಲ್ಲಿ ಬಂಡವಾಳಗಾರರು ಗಜನಿಗಳನ್ನು ಗುತ್ತಿಗೆಗೆ ಹಿಡಿದರು. ಭತ್ತವನ್ನು ಬಿಟ್ಟು ವರ್ಷವಿಡೀ ಉಪ್ಪುನೀರನ್ನು ನಿಲ್ಲಿಸಿದರು. 1994ರ ಸುಮಾರಿಗೆ ಬಿಳಿಚುಕ್ಕೆಯ ರೋಗವು ಭಾರತದ ಸಿಗಡಿಗೆ ತಗುಲಿತು. ಕೊಳಕ್ಕೆ ಕೊಳವೇ ಸತ್ತವು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿಯ ನಿಯಂತ್ರಿತ ವಲಯದಲ್ಲಿ, ಸಾಂಪ್ರದಾಯಿಕವಾದುದನ್ನು ಬಿಟ್ಟು ಉಳಿದ ಸಿಗಡಿ ಕೃಷಿಯನ್ನು ನಿಷೇಧಿಸಿ ತೀರ್ಪನ್ನು ಕೊಟ್ಟಿತು. ಬಂಡವಾಳಗಾರರು ಬಂದ ದಾರಿಯಲ್ಲಿಯೇ ಹೋದರು. ಗದ್ದೆಯವರಿಗೆ ಉಳಿದುದೇನು? ಉಪ್ಪುಗಟ್ಟಿದ ನೆಲ, ಒಡೆದ ಕಟ್ಟೆ, ಮನೆಯಲ್ಲಿ ಬೀಜಕ್ಕೂ ಇಲ್ಲದ ಕಗ್ಗ. ಎಷ್ಟೋ ಮನೆಗಳ ಯುವಕರು ಮುಂಬಯಿಗೂ ಗೋವೆಗೂ ದುಡಿಮೆಗಾಗಿ ಹೊರಟುಹೋದರು. ಬೀಳುಬಿದ್ದ ಗಜನಿಗಳನ್ನು ಇಂದಿಗೂ ದಾರಿಯುದ್ದಕ್ಕೂ ಕಾಣಬಹುದು.

ಆದರೆ ನಾವು ಈ ಲೇಖನವನ್ನು ಬರೆಯಲು ಹೊರಟುದು ದುಃಖವನ್ನು ತೋಡಿಕೊಳ್ಳುವುದಕ್ಕಲ್ಲ. ಹಾಳಾದುದನ್ನು ಮತ್ತೆ ಕಟ್ಟುವ ಕೆಲಸವೂ ಇಲ್ಲಿ ನಡೆದಿದೆ. ಅದು ನಡೆದಿರುವುದು ಹಲವು ಕೈಗಳು ಕೂಡಿದುದರಿಂದ ಎಂಬುದೇ ಇಲ್ಲಿ ಹೇಳತಕ್ಕ ಮಾತು.

ಮೊದಲನೆಯದಾಗಿ ಕಾಂಡ್ಲಾ ವನಗಳನ್ನು ನೋಡಿರಿ. ಅರಣ್ಯ ಇಲಾಖೆಯವರು ಹಳ್ಳಿಗರ ನೆರವಿನಿಂದ ಅಳಿವೆಯ ದಡಗಳಲ್ಲಿ ಹಲವು ವರ್ಷಗಳಿಂದ ಈ ಗಿಡಗಳನ್ನು ನೆಡಿಸುತ್ತ ಬಂದಿದ್ದಾರೆ. ಕಾಂಡ್ಲಾದ ಒಂದು ಜಾತಿಯಲ್ಲಿ ಸೃಷ್ಟಿಯ ವಿಚಿತ್ರವೊಂದುಂಟು. ಅದರ ಬೀಜವು ತಾಯಿಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂಥ ಉದ್ದನೆಯ ಕೋಡಾಗಿ ಇಳಿಬೀಳುವುದು. ಬಲಿತ ಕೋಡು ಕಳಚಿ ಕೆಳಗೆ ಬಿದ್ದರೆ ಭರ್ಜಿಯಂತೆ ಕೆಸರಿನಲ್ಲಿ ನಾಟಿಕೊಳ್ಳುವುದು, ಇಲ್ಲವೆ ನೀರಿನಲ್ಲಿ ತೇಲುತ್ತ ಬೇರೆ ನೆಲವನ್ನು ಹುಡುಕುವುದು. ಮಗುವನ್ನು ಹೆತ್ತು ಸಾಕಿ ಕಾಲ ಮೇಲೆ ನಿಲ್ಲಿಸಿಯೇ ಕಳುಹಿಸುವ ತಾಯಿಯಂತೆ ಈ ಮರವು! ಅಂಥ ಕೋಡುಗಳನ್ನು ಆಯ್ದು ಇಳಿತದ ವೇಳೆಯಲ್ಲಿ ಸಾಲಾಗಿ ಊರುವುದೇ ನೆಡುವ ಕ್ರಮ. ಆದರೆ ಎಲ್ಲಿ ಊರಿದರೆ ಅಲೆ ಕೀಳದು, ಎಲ್ಲಿ ಊರಿದರೆ ದೋಣಿಯ ದಾರಿಗೂ ಬಳಚಿನ ಹಾಸಿಗೆಗೂ ಅಡ್ಡಿಯಾಗದು, ಎಂಬುದು ಕಚೇರಿಯ ನಕಾಶೆಯಲ್ಲಿ ಕಾಣುವುದಿಲ್ಲ. ಅಂಬಿಗರೂ ಬಳಚು ಹೆಕ್ಕುವ ಹೆಂಗಸರೂ ಅದನ್ನು ಬಲ್ಲರು. ಅವರನ್ನು ಕೇಳಿ ನೆಟ್ಟುದು ಸ್ಥಳಕ್ಕೆ ಹೊಂದುವುದು, ಕೇಳದೆ ನೆಟ್ಟರೆ ಗಿಡಕ್ಕೂ ಕೇಡು, ಹೆಕ್ಕುವವರಿಗೂ ಕೇಡು. ಭಾರತದ ಅರಣ್ಯ ವರದಿಯಂತೆ ಕರ್ನಾಟಕದ ಒಟ್ಟು ಕಾಂಡ್ಲಾ ಕಾಡು 2019ರಲ್ಲಿ 10 ಚದರ ಕಿಲೋಮೀಟರು ಇದ್ದುದು 2021ರಲ್ಲಿ 13ಕ್ಕೆ ಏರಿತು. ದೊಡ್ಡ ಮೊತ್ತವಲ್ಲ. ಆದರೂ ಇಳಿಯುತ್ತಿರುವ ಲೆಕ್ಕಗಳ ಈ ಕಾಲದಲ್ಲಿ ಏರುವ ಲೆಕ್ಕವೊಂದನ್ನು ಕಂಡು ಸಂತೋಷಪಡಬೇಕು.

ಎರಡನೆಯದು ಕಗ್ಗದ ಬೀಜ. ಗಜನಿಗಳೆಲ್ಲ ಬೀಳುಬಿದ್ದಾಗಲೂ ಮಾಣಿಕಟ್ಟೆಯ ರೈತರು ಈ ಬೀಜವನ್ನು ಬಿಡಲಿಲ್ಲ. ಕೂಡಿ ಬಿತ್ತಿದರು, ಕೂಡಿ ಕಾದರು, ಬೀಜವನ್ನು ಸಮುದಾಯದ ಭಂಡಾರದಲ್ಲಿ ಉಳಿಸಿದರು. ಒಬ್ಬನೇ ಬಿತ್ತಿದರೆ ಸುತ್ತಲಿನ ಹಕ್ಕಿಗಳಿಗೆಲ್ಲ ಅವನ ಗದ್ದೆಯೊಂದೇ ಊಟದ ಮನೆಯಾಗುವುದು. ಅವನ ಕಟ್ಟೆಯನ್ನು ಕಾಯಲು ನೆರೆಯವನೂ ಇರುವುದಿಲ್ಲ. ಬೀಜವನ್ನು ಉಳಿಸುವುದಕ್ಕೂ ನೆರೆಹೊರೆಯ ಒಗ್ಗಟ್ಟು ಬೇಕೆಂಬುದು ಇದರಿಂದ ವ್ಯಕ್ತವಾಗುವುದು. ಹವೆಯು ಬದಲಾಗಿ ಸಮುದ್ರದ ಮಟ್ಟವು ಏರುತ್ತಿರುವ ಈ ದಿನಗಳಲ್ಲಿ, ಉಪ್ಪನ್ನೂ ನೆರೆಯನ್ನೂ ತಾಳುವ ಭತ್ತದ ಬೆಲೆಯೇನೆಂಬುದನ್ನು ಹೇಳಬೇಕಾಗಿಲ್ಲ.

ಮೂರನೆಯದು ಅಳಿವೆಯ ಮೇಲೆ ಬಂದ ದೊಡ್ಡ ವಿಪತ್ತು ತಪ್ಪಿದ ಕಥೆ. ಈ ಶತಮಾನದ ಮೊದಲ ದಶಕದಲ್ಲಿ ತದಡಿಯ ಬಳಿಯಲ್ಲಿ ಕಲ್ಲಿದ್ದಲಿನಿಂದ 4,000 ಮೆಗಾವಾಟು ವಿದ್ಯುತ್ತನ್ನು ತೆಗೆಯುವ ಮಹಾಸ್ಥಾವರವನ್ನು ಕಟ್ಟಬೇಕೆಂಬ ಪ್ರಸ್ತಾಪವು ಬಂದಿತು. 'ಬಂಜರು ನೆಲ' ಎಂಬುದೇ ಅದಕ್ಕೆ ಕಾರಣವಾಗಿ ಹೇಳಲ್ಪಡುತ್ತಿತ್ತು. ರೈತರೂ ಮೀನುಗಾರರೂ ವಿರೋಧಿಸಿದರು. ಬರಿಯ ವಿರೋಧದಿಂದ ಆಗುವಷ್ಟು ಕೆಲಸವಾಗಿರಲಿಲ್ಲ. ಈ ಕೆಸರಿನಲ್ಲಿ ಏನೇನು ಹುಟ್ಟುವುದು, ಎಷ್ಟು ಜನ ಉಣ್ಣುವರು, ಅದರ ಬೆಲೆಯೆಷ್ಟು ಎಂಬುದನ್ನು ಅಂಕಿಗಳಲ್ಲಿ ತೋರಿಸಬೇಕಾಗಿತ್ತು. ಆಗಲೇ ವಿಜ್ಞಾನಿಗಳ ಲೆಕ್ಕವು ನೆರವಿಗೆ ಬಂದುದು. ಹೆಂಗಸರ ಬುಟ್ಟಿಯಲ್ಲಿನ ಬಳಚನ್ನು ತೂಗಿ, ದೋಣಿಗಳನ್ನು ಎಣಿಸಿ, ಗಜನಿಯ ಮೀನನ್ನು ಹೆಸರಿಸಿ ಅವರು ವರದಿಗಳನ್ನು ಬರೆದರು. ಬುಟ್ಟಿಯವರು ತೋರಿಸದಿದ್ದರೆ ಅಳೆಯುವವರಿಗೆ ದಾರಿ ತಿಳಿಯುತ್ತಿರಲಿಲ್ಲ. ಅಳೆಯುವವರು ಬರೆಯದಿದ್ದರೆ ಬುಟ್ಟಿಯವರ ಮಾತು ರಾಜಧಾನಿಯನ್ನು ಮುಟ್ಟುತ್ತಿರಲಿಲ್ಲ. ಸ್ಥಾವರದ ಯೋಜನೆಯು ಕೈಬಿಡಲ್ಪಟ್ಟಿತು. ಅನಂತರ ದೊಡ್ಡ ಬಂದರಿನ ಮಾತೂ ಎದ್ದಿತು. ಹೀಗೆ ಕಾವಲು ಎಂದಿಗೂ ಮುಗಿಯತಕ್ಕ ಕೆಲಸವಲ್ಲ.

ಹೊಳೆಗೆ ಅಣೆಕಟ್ಟಿಲ್ಲದಿರುವುದೇ ಸಿರಿಗೆ ಮೂಲವೆಂದು ಮೊದಲು ಹೇಳಿದೆವಷ್ಟೆ. ಅದಕ್ಕೆ ಸಾಕ್ಷಿಯಾಗಿ ನೆರೆಯ ಹೊನ್ನಾವರದ ಶರಾವತಿಯನ್ನು ನೋಡಬಹುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ವಿದ್ಯುದಾಗಾರದ ಸಿಹಿನೀರು ಬೇಸಗೆಯಲ್ಲಿಯೂ ಬಿಡದೆ ಅಳಿವೆಗೆ ಹರಿದುಬರತೊಡಗಿತು. ನಾಡಿಗೆ ಬೆಳಕು ದೊರೆಯಿತು, ನಿಜ. ಆದರೆ ಅಳಿವೆಯ ನೀರಿನ ಉಪ್ಪು ಇಳಿದು, ಉಪ್ಪನ್ನು ಬಯಸುವ ಚಿಪ್ಪುಜೀವಿಗಳೂ ಮೀನಿನ ಅನೇಕ ಜಾತಿಗಳೂ ಅಲ್ಲಿ ಕ್ಷೀಣಿಸಿದುವೆಂದು ಅಭ್ಯಾಸಿಗಳು ತೋರಿಸಿದ್ದಾರೆ. ಉಪ್ಪು ಮತ್ತು ಸಿಹಿ ಇವೆರಡರ ಹದವೇ ಅಳಿವೆಯ ಬಾಳು. ಅಡಿಗೆಮನೆಯಲ್ಲಿ ಹದವನ್ನು ಬಲ್ಲ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಉಪ್ಪಿನ ಮಾತು ಬಂದುದರಿಂದ ಉತ್ತರದ ದಡದಲ್ಲಿರುವ ಸಾಣಿಕಟ್ಟೆಯನ್ನೂ ಹೇಳಬೇಕು. ಮಳೆ ನಿಂತ ಮೇಲೆ ಉಬ್ಬರದ ನೀರನ್ನು ಕಟ್ಟೆಗಳೊಳಗೆ ತಂದು ನಿಲ್ಲಿಸಿ, ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸಿ, ಬಿಸಿಲಿನಲ್ಲಿ ಬತ್ತಿಸಿ ಹರಳನ್ನು ಎಳೆಯುವರು. ಇಲ್ಲಿನ ಉಪ್ಪಿನ ಆಗರಗಳನ್ನು ಮಾಲೀಕರ ಸಹಕಾರಿ ಸಂಘವೇ ನಡೆಸಿಕೊಂಡು ಬಂದಿದೆ. ತುಸು ಮಣ್ಣುಬಣ್ಣದ ಈ ಕಲ್ಲುಪ್ಪನ್ನು ಉತ್ತರ ಕನ್ನಡದ ಮನೆಗಳಲ್ಲಿ ಮಿಡಿಯುಪ್ಪಿನಕಾಯಿಗೆ ಮೆಚ್ಚಿ ಕೊಳ್ಳುವರು. ಇದೇ ಕರಾವಳಿಯ ಅಂಕೋಲೆಯಲ್ಲಿ 1930ರಲ್ಲಿ ಜನರು ಉಪ್ಪಿನ ಸತ್ಯಾಗ್ರಹವನ್ನು ಮಾಡಿ ಸೆರೆಮನೆಗೆ ನಡೆದರು. ಕಡಲು ಎಲ್ಲರ ಸ್ವತ್ತು ಎಂಬ ಮಾತನ್ನು ಈ ತೀರವು ಹೊಸದಾಗಿ ಕಲಿಯಬೇಕಾಗಿಲ್ಲ.

ಅಳಿವೆಯ ಬಾಯಿಯಿಂದಾಚೆಗೆ ತುಂಬುಗಡಲು. ಒಳಗಿನ ಕೆಸರಿನಲ್ಲಿಯೂ ಕಾಂಡ್ಲಾದ ಬೇರುಗಳ ನಡುವೆಯೂ ಬೆಳೆದ ಮರಿಗಳೇ ಹೊರಗೆ ಹೋಗಿ ಬಲೆಗೆ ಸಿಕ್ಕುವ ಮೀನುಗಳಾಗುವುವು. ತೊಟ್ಟಿಲನ್ನು ಮುರಿದು ಮಕ್ಕಳನ್ನು ಬಯಸುವುದು ಸಲ್ಲದಷ್ಟೆ. ಹಿಂದೆ ಈ ಕರಾವಳಿಯಲ್ಲೆಲ್ಲ ರಂಪಣಿಯೆಂಬ ಮಹಾಬಲೆಯಿತ್ತು. ಬಂಗಡೆ ತಾರಲೆಗಳ ಹಿಂಡು ದಡಕ್ಕೆ ಬಂದಾಗ ದೋಣಿಯಲ್ಲಿ ಹೋಗಿ ಸುತ್ತುವರಿದು, ಹತ್ತಾರು ಜನರು ಎರಡು ತುದಿಗಳನ್ನು ಹಿಡಿದು ದಡಕ್ಕೆ ಎಳೆಯುವರು. ಬಂದ ಮೀನನ್ನು ಪಾಲಿನಂತೆ ಹಂಚಿಕೊಳ್ಳುವರು. 1970ರ ದಶಕದ ಕಡೆಯಲ್ಲಿ ಯಂತ್ರದ ದೋಣಿಗಳು ದೊಡ್ಡ ಸುತ್ತುಬಲೆಗಳನ್ನು ತಂದು ಹಿಂಡನ್ನು ಕಡಲಿನಲ್ಲಿಯೇ ಬಾಚತೊಡಗಿದ ಮೇಲೆ ರಂಪಣಿಯು ಬಡವಾಯಿತು. ಈಗ ಪಡುವಣ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ದೋಣಿಗಳಿಗೆ ವಿರಾಮವಿದೆ. ಮೀನು ಮೊಟ್ಟೆಯಿಡುವ ಕಾಲಕ್ಕೆ ಕಡಲಿಗೆ ಬಿಡುವು ಕೊಡುವ ಈ ನಿಯಮವನ್ನು ಪೊಲೀಸರೊಬ್ಬರೇ ಕಾಯಲಾರರು. ತಾನು ನಿಂತರೆ ನೆರೆಯ ಬಂದರಿನವನೂ ನಿಲ್ಲುವನೆಂಬ ನಂಬಿಕೆಯು ಬೋಟಿನವನಿಗೆ ಇರಬೇಕು. ಗಜನಿಯ ಕಟ್ಟೆಯಂತೆ ಇದೂ ಪಾಲುಹಾಕಿದ ಕಟ್ಟೆಯೇ.

ಇಷ್ಟೆಲ್ಲ ಆದರೂ ಕೊರತೆಗಳು ಉಳಿದೇ ಇವೆ. ಕಡಲು ಹಿಂದಿರುಗಿಸುವ ಪ್ಲಾಸ್ಟಿಕ್ ಚೀಲಗಳು ಕಾಂಡ್ಲಾದ ಉಸಿರುಬೇರುಗಳಿಗೆ ಸುತ್ತಿಕೊಂಡಿರುವುದನ್ನು ಕಂಡೆವು. ಅಘನಾಶಿನಿಯ ನೀರನ್ನು ಮೂಡಣ ಸೀಮೆಗೆ ತಿರುಗಿಸುವ ಯೋಜನೆಯ ಮಾತು ಆಗಾಗ ಏಳುತ್ತಿದೆ. ಬೀಳುಗಜನಿಗಳ ಒಡೆಯರಲ್ಲಿ ಎಷ್ಟೋ ಜನರು ದೂರದ ನಗರಗಳಲ್ಲಿರುವರು. ಅವರ ಪಾಲಿನ ಕಟ್ಟೆಯು ಒಡೆದಿರುವ ತನಕ ನೆರೆಯವನು ಬಿತ್ತಲಾರನು. ಎಲ್ಲಕ್ಕಿಂತ ಮುಖ್ಯವಾದುದು, ಕೆಸರಿನ ಮೇಲೆ ಪಟ್ಟೆಯಿಲ್ಲದ, ಖಾತೆಯಿಲ್ಲದ, ಆದರೆ ಅದನ್ನೇ ನಂಬಿರುವ ಹೆಂಗಸರ ವಿಷಯ. ರಾಮ್ಸರ್ ಪಟ್ಟಿಯಲ್ಲಿ ಹೆಸರು ಸೇರಿದುದು ಗೌರವ. ಕಾಪಾಡುವ ಹೊಣೆಯು ಸರ್ಕಾರದ ಮೇಲೆ ಬಿದ್ದುದೂ ನಿಜ. ಆದರೆ ಆ ಹೊಣೆಯನ್ನು ನಡೆಸುವ ಸಭೆಯಲ್ಲಿ ಅರಣ್ಯಾಧಿಕಾರಿಯ ಪಕ್ಕದಲ್ಲಿ ಬಳಚಿನವಳಿಗೂ, ವಿಜ್ಞಾನಿಯ ಪಕ್ಕದಲ್ಲಿ ಗಜನಿಯ ಗೌಡನಿಗೂ, ಬಂದರಿನ ಬೋಟಿನವನ ಪಕ್ಕದಲ್ಲಿ ಪಾತಿದೋಣಿಯ ಅಂಬಿಗನಿಗೂ ಮಣೆಯನ್ನು ಹಾಕದೆ ಹೋದರೆ, ಅದೂ ಸರ್ಕಾರದ ಕಲ್ಲುಕಟ್ಟೆಯಂತೆಯೇ ಆದೀತು. ಸಡಿಲವಾದಾಗ ಸರಿಪಡಿಸುವ ಕೈ ಇರದು.

ವಾಚಕರಲ್ಲಿ ಗೋಕರ್ಣಕ್ಕೆ ಹೋಗುವವರು ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಂಡು ತದಡಿಗೆ ಬಂದು ಹೊಳೆಯನ್ನು ದಾಟಿ ನೋಡಬೇಕು. ಇಳಿತದ ಹೊತ್ತನ್ನು ದಡದವರಲ್ಲಿ ಮೊದಲೇ ಕೇಳಿ ತಿಳಿದುಕೊಂಡರೆ ಒಳ್ಳೆಯದು. ಮಕ್ಕಳನ್ನು ಕರೆದುಕೊಂಡು ಹೋಗಿ ಕಾಂಡ್ಲಾದ ಕೋಡನ್ನೂ ಉಪ್ಪಿನ ಮಡಿಯನ್ನೂ ತೋರಿಸಬೇಕು. ದೊರೆತರೆ ಕಗ್ಗದ ಅಕ್ಕಿಯನ್ನು ಒಂದೆರಡು ಸೇರು ಕೊಂಡುತಂದು ಗಂಜಿಯನ್ನು ಮಾಡಿ ನೋಡಬೇಕು. ಕೆಂಪಗಿನ ಆ ಅಕ್ಕಿಗೆ ಬೆಲೆ ಬಂದರೆ ಬೀಳುಬಿದ್ದ ಗಜನಿಗೆ ಒಕ್ಕಲು ಬಂದೀತು. ದೂರದ ಊರುಗಳಲ್ಲಿ ನೆಲಸಿರುವ ಗಜನಿಯ ಒಡೆಯರ ಮನೆಗಳಿಗೂ ಈ ಪತ್ರಿಕೆಯು ಹೋಗುತ್ತಿರಬಹುದು. ಅಂಥವರು ತಮ್ಮ ಪಾಲಿನ ಕಟ್ಟೆಯ ನೆನಪನ್ನು ಮಾಡಿಕೊಂಡು, ತಾವು ಉಳದಿದ್ದರೂ ಉಳುವ ನೆರೆಯವನಿಗೆ ಅನುವುಮಾಡಿಕೊಡಲೆಂದೂ, ಮುಂದಿನ ಮುಂಗಾರಿಗೆ ಅಘನಾಶಿನಿಯ ದಡದಲ್ಲಿ ಇನ್ನಷ್ಟು ಗದ್ದೆಗಳು ಹಸುರಾಗಲೆಂದೂ ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.